ಒಂಬತ್ತನೇ ನಂಬರ್ ಮನೆಯ ದೂರು ಹಿಂದಕ್ಕೆ ಪಡೆದದ್ದು

ಹೆಸರು: ಗಂಗಿ ಕೋಂ ದಾಸ ಹರಿಕಂತ್ರ, ವಯಸ್ಸು: 41, ವೃತ್ತಿ: ಮೀನು ಮಾರಾಟ, ಸಾಕಿನ್: ಕಾಸರಕೋಡ, ತಾಲೂಕು: ಹೊನ್ನಾವರ.

ಮೇಲ್ಕಂಡ ನಾನು ಠಾಣೆಗೆ ಸ್ವತಃ ಬಂದು ಬರೆಯಿಸುವುದೇನೆಂದರೆ, ನನ್ನ ಗಂಡ ತೀರಿಕೊಂಡು ಆರು ವರ್ಷವಾಯಿತು. ನಾನೂ ಮಗಳು ಸುಚಿತಾಳೂ, ವಯಸ್ಸು 16, ಮೈದುನನ ಮನೆಯ ಹಿಂಗೋಡೆಗೆ ಇಳಿಸಿ ಕಟ್ಟಿದ ಮಾಡಿನಲ್ಲಿ ಇದ್ದೆವು. ಆಶ್ರಯ ಯೋಜನೆಯಲ್ಲಿ ನನಗೆ ಒಂಬತ್ತನೇ ನಂಬರಿನ ಮನೆ ಮಂಜೂರಾಗಿದೆ. ಈ ತಿಂಗಳ 30ರೊಳಗೆ ವಾಸಕ್ಕೆ ಹೋಗದಿದ್ದರೆ ಅದು ಬೇರೆಯವರಿಗೆ ಹೋಗುತ್ತದೆಂದು ಕಾಗದದಲ್ಲಿದೆ. ಅದನ್ನು ಓದಿಸಿ ಕೇಳಿದ ಮೇಲೆ ನನಗೆ ಊಟ ಸೇರಿರಲಿಲ್ಲ.

ದಿನಾಂಕ 25-11-2002ರಂದು ಬೆಳಿಗ್ಗೆ 7-30ಕ್ಕೆ ಚಾಪೆ, ಎರಡು ಪಾತ್ರೆ ಹಿಡಿದು ಹೋದೆನು. ಒಟ್ಟು ಇಪ್ಪತ್ತು ಮನೆಗಳು ಡಾಂಬರು ರಸ್ತೆಯಿಂದ ಸಮುದ್ರದ ಕಡೆಗೆ ಒಂದೇ ಸಾಲಿನಲ್ಲಿವೆ. ಗೋಡೆಗೆ ನಂಬರ್ ಬರೆದಿರಲಿಲ್ಲ. ಎಣಿಸಿಕೊಂಡು ಒಂಬತ್ತನೆಯದಕ್ಕೆ ಹೋದರೆ ಒಳಗೆ ಬಂಗಾರಿ ಕೋಂ ಮಾಬ್ಲೇಶ್ವರ ಎಂಬವಳು ಒಲೆ ಹೂಡಿ ಗಂಜಿ ಬೇಯಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ನನ್ನ ಮನೆಯಲ್ಲಿ ನಿನಗೇನು ಕೆಲಸ ಎಂದು ಕೇಳಿದೆನು. "ಎಂತದೇ ಇದು? ನಾವು ಬಂದು ನಾಲ್ಕು ದಿನ ಆತು" ಎಂದಳು. ಕಳ್ಳಿ ಎಂದು ಬೈದು ಗಂಜಿಯ ಪಾತ್ರೆಯನ್ನು ಅಂಗಳಕ್ಕೆ ಎಸೆದೆನು. ಇದನ್ನು ದೂರಿನಲ್ಲಿ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಅಲ್ಲಿಂದ ನೇರ ಠಾಣೆಗೆ ಬಂದು 10-15ಕ್ಕೆ, ಅವಳು ನನ್ನ ಮನೆ ಹೊಡೆದುಕೊಂಡಿದ್ದಾಳೆಂದು ದೂರು ಕೊಟ್ಟೆನು.

ಈ ದಿನ 26ರಂದು ಬೆಳಿಗ್ಗೆ 9-30ಕ್ಕೆ ಹೆಡ್ ಕಾನ್‌ಸ್ಟೇಬಲ್ ಅಣ್ಣಪ್ಪ ಇವರೂ ಪಂಚಾಯತ ಕಾರ್ಯದರ್ಶಿಯವರೂ ನನ್ನೊಂದಿಗೆ ಸ್ಥಳಕ್ಕೆ ಬಂದರು, ಸುಚಿತಾಳೂ ಜೊತೆಗೆ ಬಂದಳು. ಎಲ್ಲಿಂದ ಎಣಿಸಿದೆ ಎಂದು ಅಣ್ಣಪ್ಪನವರು ಕೇಳಿದರು. ನೀರಿನ ಕಡೆಯಿಂದ ಎಂದೆನು. ನಮ್ಮ ಕೇರಿಯಲ್ಲಿ ದಡಕ್ಕೆ ಎಳೆದ ದೋಣಿಯಾಗಲಿ, ಮೀನು ಒಣಗಿಸುವ ಜಾಗವಾಗಲಿ, ಎಣಿಸುವುದು ನೀರಿನ ಕಡೆಯಿಂದಲೇ. ಬೇರೆ ರೀತಿ ಎಣಿಸುವವರು ಇದ್ದಾರೆಂದು ನನಗೆ ಹೊಳೆದಿರಲಿಲ್ಲ. ಕಾರ್ಯದರ್ಶಿಯವರು ನಕ್ಷೆ ಬಿಡಿಸಿ, ನಂಬರ್ ಶುರುವಾಗುವುದು ರಸ್ತೆಯಿಂದ ಎಂದು ತೋರಿಸಿದರು. ಬಂಗಾರಿ ಇರುವುದು ಹನ್ನೆರಡನೆಯದು, ಅವಳದ್ದೇ. ನನ್ನ ಒಂಬತ್ತನೆಯದು ಮೂರು ಮನೆ ಆಚೆಗೆ, ರಸ್ತೆಯ ಕಡೆಗೆ, ಖಾಲಿ ಇತ್ತು. ಯಾರೂ ಕಾಲಿಟ್ಟಿರಲಿಲ್ಲ. ನನಗೆ ಹೋದ ಜೀವ ಬಂದ ಹಾಗಾಯಿತು.

ಬಂಗಾರಿಯ ಮುಖ ನೋಡಲು ನಾಚಿಕೆಯಾಯಿತು. ತಪ್ಪಾಯಿತು ಎಂದೆನು. ಅವಳು, "ಹಸಿವಾದ್ರೆ ಕೇಳೂಕಾಗಿತ್ತಲ್ಲೆ, ಚೆಲ್ಲೂದು ಎಂತಕೆ?" ಎಂದಳು. ಅಣ್ಣಪ್ಪನವರು ನಕ್ಕರು. ಅವಳ ಮೇಲೆ ನನ್ನದು ಯಾವ ತಕರಾರೂ ಇಲ್ಲ, ದೂರು ಹಿಂದಕ್ಕೆ ಪಡೆದಿದ್ದೇನೆ. ಪಾತ್ರೆ ಎಸೆದದ್ದಕ್ಕೆ ನನ್ನ ಮೇಲೆ ಏನು ಬರೆದುಕೊಂಡರೂ ಒಪ್ಪಿಗೆ.

10-40ಕ್ಕೆ ಸುಚಿತಾ ನನಗಿಂತ ಮೊದಲು ಒಂಬತ್ತನೇ ಮನೆಯೊಳಗೆ ಹೋಗಿ ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಆರು ವರ್ಷ ನಮ್ಮ ಮಾಡಿಗೆ ಬಾಗಿಲೆಂದು ಇದ್ದದ್ದು ಗೋಣಿಚೀಲದ ಪರದೆ. ಅವಳು ದೊಡ್ಡವಳಾದದ್ದು ಅದರ ಹಿಂದೆ. ಬಾಗಿಲು ತೆಗೆಯೇ ಎಂದು ಕೂಗಿದೆನು. "ತಡಿ ಅವ್ವಾ, ಇನ್ನೊಂಚೂರು" ಎಂದಳು. ನಾನು ಹೊರಗೆ ಬಾಗಿಲಿಗೆ ಒರಗಿ ಕುಳಿತು ಅತ್ತೆನು. ಮತ್ತೆ ಕರೆಯಲಿಲ್ಲ.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದೆ, ಹೆಚ್ಚು ಕಡಿಮೆ ಇಲ್ಲ, ಎಲ್ಲವೂ ನಿಜ.

ಸ್ಥಳ: ಹೊನ್ನಾವರ
ದಿನಾಂಕ: 26-11-2002
ಗಂಗಿ ಕೋಂ ದಾಸ ಹರಿಕಂತ್ರ ಇವಳ ಎಡಗೈ ಹೆಬ್ಬೆಟ್ಟಿನ ಗುರುತು