ರಬ್ಬರು ಸಿಗದ ರಾತ್ರಿ

ಹೆರಿಗೆ ಆಸ್ಪತ್ರೆಯಲ್ಲಿ ಆಗ ಗಂಭೀರ ಘಟನೆಯೊಂದು ನಡೆದಿತ್ತು. ಗುಮಾಸ್ತರ ಮೇಜಿನ ಮೇಲಿದ್ದ ಅಳಿಸುವ ರಬ್ಬರು ಕಾಣೆಯಾಗಿತ್ತು. ಹಾಗಾಗಿ ಪೆನ್ಸಿಲಿನಲ್ಲಿ ಬರೆದ ಡ್ಯೂಟಿ ಪಟ್ಟಿಯಿಂದ ದೊಡ್ಡ ಸಿಸ್ಟರ್ ಹೆಸರನ್ನು ತೆಗೆಯಲಾಗಲಿಲ್ಲ. ಅವರು ತೀರಿಕೊಂಡು ಹದಿನೆಂಟು ದಿನವಾಗಿತ್ತು. ರಾತ್ರಿ ಪಾಳಿಗೆ ಇಬ್ಬರು ಎಂದು ಪಟ್ಟಿ ಹೇಳುತ್ತಿತ್ತು; ಪಟ್ಟಿ ಹೇಳಿದ ಮೇಲೆ ಮುಗಿಯಿತು. ಕೆಲಸದ ಒತ್ತಡ ತಡೆ ಸಮಿತಿಯೂ ಅದನ್ನೇ ನೋಡಿ, ಸಿಬ್ಬಂದಿ ಸಾಕಷ್ಟಿದ್ದಾರೆ, ದಾದಿಯರು ದಿನಕ್ಕೆ ಹತ್ತು ಸಲ ಉಸಿರು ಎಳೆದು ಬಿಡಲಿ ಎಂದು ಬರೆದುಕೊಟ್ಟು ಹೋಯಿತು.

ಇದು ನಮ್ಮ ಚಿಕ್ಕಪ್ಪನ ಮಗಳಿಗೇ ಆದದ್ದು. ಹೆರಿಗೆ ನರ್ಸು. ಎರಡು ಪಾಳಿ ಒಟ್ಟಿಗೆ ಮುಗಿಸಿ, ರಾತ್ರಿ ಹನ್ನೊಂದಕ್ಕೆ ಹಳೇ ಬಾವಿಯ ದಾರಿಯಲ್ಲಿ ಮನೆಗೆ ಹೊರಟಿದ್ದಳು. ವಾರ್ಡಿನಲ್ಲಿ ಹೊಸ ಹುಡುಗಿ ಒಬ್ಬಳೇ. ನೋವು ತಿನ್ನುತ್ತಿದ್ದ ಬಸುರಿಯರು ಇಬ್ಬರು. ವಾಪಸ್ ಹೋಗಲೇ... ಅಂದುಕೊಂಡಳು. ಕಾಲು ಕೇಳಲಿಲ್ಲ.

ಹಿಂದೆ ಸದ್ದು. ಚರ್ರ್... ಟಪ್. ಚರ್ರ್... ಟಪ್. ಅಟ್ಟೆ ಕಿತ್ತ ಚಪ್ಪಲಿ.

"ಮನೆಗೇನೇ?"

"ಹೂಂ ಸಿಸ್ಟರ್."

ಒಂಬತ್ತು ವರ್ಷದ ಅಭ್ಯಾಸ. ಬಾಯಿ ಮೊದಲು ಉತ್ತರ ಕೊಟ್ಟಿತು. ಬೆನ್ನು ಆಮೇಲೆ ತಣ್ಣಗಾಯಿತು.

"ಒಳಗೆ ಯಾರಿದಾರೆ?"

"ಹೊಸ ಹುಡುಗಿ. ಮತ್ತೆ... ನೀವು."

"ನಾನಾ?"

"ಪಟ್ಟೀಲಿದೀರ. ರಬ್ಬರು ಸಿಗ್ಲಿಲ್ವಂತೆ."

ಚರ್ರ್... ಚಪ್ಪಲಿ ಅಲ್ಲೇ ನಿಂತಿತು.

"ಸತ್ರೂ ಬಿಡಲ್ವಲ್ಲೇ ಇವ್ರು! ಸಮಿತಿಯೋರು ಏನಂದ್ರು?"

"ಉಸಿರು ಎಳೆದು ಬಿಡಿ ಅಂದ್ರು."

"ಅದೊಂದು ಈಗ ನನ್ನ ಕೈಲಾಗಲ್ಲ. ಮಿಕ್ಕಿದ್ದು ನೋಡ್ಕೋತೀನಿ. ನೀನು ಹೋಗಿ ಬಿದ್ಕೋ."

ಚರ್ರ್... ಟಪ್. ಸದ್ದು ಆಸ್ಪತ್ರೆಯ ಕಡೆ ಹೋಯಿತು. ಇವಳು ತಿರುಗಿ ನೋಡಲಿಲ್ಲ. ಧೈರ್ಯವಿರಲಿಲ್ಲ ಅಂತಲ್ಲ, ತಿರುಗುವಷ್ಟು ಶಕ್ತಿಯಿರಲಿಲ್ಲ.

ಬೆಳಗ್ಗೆ ಎದ್ದವಳೇ ಓಡಿದಳು. ಎರಡು ತೊಟ್ಟಿಲು, ಎರಡು ಕೂಸು. ಬಾಣಂತಿಯರಿಬ್ಬರೂ ನಿದ್ದೆಯಲ್ಲಿದ್ದರು.

"ಎರಡೂ ಒಂದೇ ಸಲಕ್ಕೆ ಬಂದ್ಬಿಟ್ವು ಅಕ್ಕಾ," ಅಂದಳು ಹೊಸ ಹುಡುಗಿ, ಗೋಡೆಗೆ ಒರಗಿಕೊಂಡೇ. "ಪರದೆ ಆಚೆ ನೀವಿದ್ರಿ, ಬಚಾವಾದೆ. ಆದ್ರೆ ಮೊದ್ಲು ಬೇರೆ ಚಪ್ಪಲಿ ತಗೊಳ್ಳಿ. ಅದೇನು ಸದ್ದು, ಮಾರಾಯ್ತಿ!"

ಇವಳು ತನ್ನ ಕಾಲು ನೋಡಿಕೊಂಡಳು. ಕೆಲಸಕ್ಕೆ ಸೇರಿದಾಗಿನಿಂದ ಇವಳು ಹಾಕುವುದು ಬೂಟು.

ಮಧ್ಯಾಹ್ನ ರಬ್ಬರು ಗುಮಾಸ್ತರ ಮೇಜಿನಡಿ ಸಿಕ್ಕಿತು. ಸಿಕ್ಕಿದ್ದು ಇವಳ ಕೈಗೆ. ಮನೆಗೆ ಹೋಗುವಾಗ ಬಾವಿಗೆ ಹಾಕಿದಳು... ಬುಳುಕ್.

ಕಟ್ಟುಕತೆ ಅನ್ನಬೇಡಿ. ಬೇಕಾದರೆ ಹೋಗಿ ನೋಡಿ, ಪಟ್ಟಿ ಈಗಲೂ ಗೋಡೆಯ ಮೇಲಿದೆ. ರಾತ್ರಿ ಪಾಳಿ: ಇಬ್ಬರು.