ಕಕ್ಕಸಿನ ಬೀಗ

ಬೇಡ ಮ್ವಿಜಾ, ಬಾಗಿಲು ಹಾಕ್ಬೇಡ! ಪಾತ್ರೆ ಬಿಸಿ ಇದೆ ಕಣೇ, ಕೈ ಸುಡ್ತಿದೆ... ಗಂಜಿ, ನಿಮ್ಮತ್ತೆಗೆ. ಶೇಂಗಾ ಪುಡಿ ಹಾಕಿ ಕುದಿಸಿದೀನಿ. ಸೊಂಟದ ಮೂಳೆ ಮುರ್ಕೊಂಡೋರಿಗೆ ಬಲ ಬೇಡ್ವಾ? ಒಳಗೆ ಬರಲ್ಲ, ಇಲ್ಲೇ ಹೊಸ್ತಿಲ ಹತ್ರ ಕೂತ್ಕೋತೀನಿ. ಅಜ್ಜಿ ಮಲಗಿದಾರಾ?... ಸರಿ, ಮೆಲ್ಲಗೇ ಮಾತಾಡ್ತೀನಿ.

ಹೌದು, ಕಕ್ಕಸಿಗೆ ಬೀಗ ಹಾಕಿದ್ದು ನಾನೇ. ಇನ್ನೇನು ಮಾಡ್ಲಿ ಹೇಳು! ಐದು ಮನೆ, ಇಪ್ಪತ್ತಮೂರು ಜನ, ಇರೋದು ಒಂದೇ ಗುಂಡಿ. ವಾರಕ್ಕೊಂದು ಮನೆಯೋರು ತೊಳೀಬೇಕು ಅಂತ ವಠಾರದೋರೆಲ್ಲ ಸೇರೇ ಒಪ್ಪಿದ್ದು. ನೀನೂ ತಲೆ ಆಡಿಸಿದ್ದೆ. ಆಮೇಲೆ? ನೀರು ಹೊತ್ತೋಳು ಈ ಎಸ್ನಾರ್ಟ್, ಪೊರಕೆ ಹಿಡಿದೋಳು ಎಸ್ನಾರ್ಟ್, ಸೋಪಿನ ಪುಡಿ ತಂದೋಳೂ ಎಸ್ನಾರ್ಟ್! ಬೆಳಗಾದ್ರೆ ಯಾರ್ಯಾರದೋ ಹೇಸಿಗೆ ಬಳಿಯೋದು ನನ್ನ ಹಣೇಲೇ ಬರೆದಿದ್ಯಾ?

ಯಾಕೆ ತುಟಿ ಸೊಟ್ಟ ಮಾಡ್ತೀಯ? ನಂಗೆ ತೊಳೆಯೋ ಹುಚ್ಚು ಅಂತಾನಾ? ಕಾಲರಾ ಬಂದ ಆ ಮಳೆಗಾಲ... ಈ ಲುಸಾಕಾದಲ್ಲಿ ಎಷ್ಟು ಮನೆ ಅತ್ತವು. ನನ್ನ ಮಗಳು ಎರಡೇ ದಿನಕ್ಕೆ ಹೋದ್ಳು. ಅವತ್ತಿಂದ ಒಂದು ನೊಣ ಕಂಡ್ರೂ ಮೈಯೆಲ್ಲ ಉರಿಯುತ್ತೆ ನಂಗೆ... ಗೊತ್ತು, ನಿಂಗೆ ಗೊತ್ತು. ಮಣ್ಣು ಹಾಕುವಾಗ ನನ್ನ ಹಿಡ್ಕೊಂಡು ನಿಂತಿದ್ದೋಳು ನೀನೇ.

ಅದಕ್ಕೇ ಬೀಗ. ಸರದಿ ತಪ್ಪಿಸಿದ ಮನೆಗೆ ಕೀಲಿ ಇಲ್ಲ. ನೀನು ಎರಡು ಸರದಿ ತಪ್ಪಿಸಿದೆ, ಅದಕ್ಕೆ ನಾನು ನಿನ್ನ ಕೀಲಿ ಇಸ್ಕೊಂಡೆ. ನಿನ್ನ ಮೇಲೇನು ಹಗೆನಾ ನಂಗೆ? ಟೊಮೇಟೊ ಬುಟ್ಟಿ ಹೊತ್ತು ಬೆನ್ನು ನೋವು ಅಂದೆ... ಬೆನ್ನು ಯಾರಿಗಿಲ್ಲ! ಆದ್ರೂ ಹೇಳಿದ್ದೆ ತಾನೇ, ಅವಸರ ಆದ್ರೆ ನನ್ನ ಬಾಗಿಲು ತಟ್ಟು, ತೆಗೀತೀನಿ ಅಂತ? ಮಂಗಳವಾರ ನಾನು ಮನೇಲಿ ಇರ್ಲಿಲ್ಲ, ಅಷ್ಟೇ. ನಲ್ಲಿ ಹತ್ರ ಸಾಲಲ್ಲಿ ನಿಂತಿದ್ದೆ. ನೀನು ಮಾರ್ಕೆಟ್ಟಲ್ಲಿ. ಪಾಪ, ಅಜ್ಜಿಗೆ ಹೊಟ್ಟೆ ಕೆಟ್ಟಿತ್ತು. ಮೂರು ಸಲ ನನ್ನ ಬಾಗಿಲು ಬಡಿದ್ರಂತೆ, “ಎಸ್ನಾರ್ಟ್, ಮಗಳೇ, ತೆಗಿಯೇ” ಅಂತ ಕೂಗಿದ್ರಂತೆ... ತಡ್ಕೊಳ್ಳೋಕಾಗ್ದೆ, ಗೋಡೆ ಹಿಡ್ಕೊಂಡು ಹಿಂದಿನ ಚರಂಡಿ ಕಡೆ ಹೋಗಿ, ಅಲ್ಲಿ ಜಾರಿ...

ಏನು? ಯಾಕೆ ಹಂಗೆ ನೋಡ್ತೀಯ?

ಯಾರು ಹೇಳಿದ್ದು ಅಂದ್ರೆ... ಲವ್‌ನೆಸ್. ಮೂಲೆಮನೆ ಲವ್‌ನೆಸ್ ಹೇಳಿದ್ಳು. ಕಣ್ಣಾರೆ ನೋಡಿದ್ಳಂತೆ... ಅವಳ ಬಾಗಿಲ ಕಡೆ ಯಾಕೆ ನೋಡ್ತೀಯ? ಹೌದು. ಹೌದು, ಭಾನುವಾರ ಊರಿಗೆ ಹೋದೋಳು ಇನ್ನೂ ಬಂದಿಲ್ಲ. ಹಂಗಾದ್ರೆ ಬೇರೆ ಯಾರೋ... ಅಷ್ಟೊತ್ತಲ್ಲಿ ವಠಾರದಲ್ಲಿ ಯಾರಿದ್ರು, ನೆನಪಿಗೆ ಬರ್ತಿಲ್ಲ...

ಮ್ವಿಜಾ, ಬೈ. ಈ ಗಂಜಿ ನನ್ನ ಮುಖಕ್ಕೆ ಎರಚು! ಏನಾದ್ರೂ ಮಾಡು...

ಮನೆ ಒಳಗೇ ಇದ್ದೆ. ಪರದೆ ಸಂದಿಯಿಂದ ನೋಡ್ತಾನೇ ಇದ್ದೆ. ಆಗಷ್ಟೇ ಕಕ್ಕಸು ತೊಳೆದು ಬಂದಿದ್ದೆ ಕಣೇ, ನೆಲ ಇನ್ನೂ ಹಸಿ... ಎಷ್ಟು ಚೊಕ್ಕಟ ಇತ್ತು ಗೊತ್ತಾ? ಒಂದು ಗಳಿಗೆ, ಬರೀ ಒಂದು ಗಳಿಗೆ ಹಂಗೇ ಇರ್ಲಿ ಅಂತ... ಕೀಲಿ ಕೈಯಲ್ಲೇ ಇತ್ತು. ಉಸಿರು ಬಿಗಿಹಿಡಿದು ಕೂತಿದ್ದೆ, ಅಜ್ಜಿ ಹೊರಟು ಹೋಗೋವರೆಗೂ.