ಕಾರಿನ ಕೆಳಗಿನ ಕನ್ನಡಿ

ಅಮೆರಿಕದ ಓಹಾಯೊದ ಒಂದು ಕಾರು ಬಿಡಿಭಾಗಗಳ ಅಂಗಡಿಯಲ್ಲಿ ಬಲ್ಬ್ ಹಿಡಿದು ಸಾಲಿನಲ್ಲಿ ನಿಂತಿದ್ದ ನಾರ್ಮಾಳ ಕಿವಿಗೆ ಮುಂದಿನ ಮುದುಕರಿಬ್ಬರ ಮಾತು ಬಿತ್ತು. ಕೈಗೆಲ್ಲ ಗೇರ್‌ಬಾಕ್ಸಿನ ಕೆಂಪೆಣ್ಣೆ ಮೆತ್ತಿಕೊಂಡವನು ವರ್ಲಿನ್, ನಗು ತಡೆದುಕೊಂಡಿದ್ದವನು ಗೆಳೆಯ ಡೆಲ್ಬರ್ಟ್.

“ಗೇರ್‌ಬಾಕ್ಸಿಂದ ರೇಡಿಯೇಟರಿಗೆ ಹೋಗೋ ಎರಡು ಎಣ್ಣೆ ಪೈಪೂ ಸೋರ್ತಿದ್ವಲ್ಲ, ನಾನೇ ಬಗ್ಗಿಸಿ ಹೊಸದು ಹಾಕ್ದೆ ಕಣೋ. ಬೆಳ್ಳಿ ಥರ ಉಜ್ಜಿದ್ದೆ,” ಎಂದ ವರ್ಲಿನ್.

“ಮತ್ತೆ ಸೋರಿದ್ದು ಹೆಂಗೆ?”

“ಸ್ಪ್ಯಾನರ್ ಹಾಕಿದ್ರೆ ಗೀರು ಬೀಳುತ್ತೆ ಅಂತ ನಟ್ಟನ್ನ ಕೈಯಲ್ಲೇ ತಿರುಗಿಸಿ ಬಿಟ್ಟಿದ್ದೆ.”

“ಅಯ್ಯೋ ನಿನ್ನ! ಹಳೇ ಕಾರಿನ ಪ್ರದರ್ಶನದ ಸ್ಪರ್ಧೆಗೆ ಹಂಗೇ ತಗೊಂಡು ಹೋದ್ಯಾ?”

“ಹೋಗಿ, ಪೈಪು ಎಲ್ರಿಗೂ ಕಾಣ್ಲಿ ಅಂತ ಕೆಳಗೆ ಕನ್ನಡಿ ಬೇರೆ ಇಟ್ಟೆ. ಜನ ಮುಗಿಬಿದ್ರು. ಮೆಚ್ಕೋತಿದಾರೆ ಅಂತ ನಾನು ಹೊಟ್ಟೆ ಒಳಗೆಳ್ಕೊಂಡು ನಿಂತೆ.”

“ತೀರ್ಪುಗಾರ ಏನ್ಮಾಡ್ದ?”

“ಎಣ್ಣೆ ತೊಟ್ಟಿಕ್ಕಿದ್ದ ಕನ್ನಡಿ ಎಳೆದು, ಒರೆಸಿ, ನನ್ನ ಮುಖಕ್ಕೇ ಹಿಡಿದ.”

ಅಷ್ಟರಲ್ಲಿ ಅವರ ಸರದಿ ಬಂತು.

“ಒಳ್ಳೇ ಪಾಲಿಶ್ ಇದೆಯಾ?” ಎಂದು ವರ್ಲಿನ್ ಅಂಗಡಿಯವನನ್ನು ಕೇಳಿದ. “ಬೆಳಿಗ್ಗೆ ನಟ್ಟನ್ನ ಸ್ಪ್ಯಾನರ್ ಹಾಕಿ ಬಿಗಿ ಮಾಡ್ದೆ. ಗೀರು ಬಿದ್ದಿದೆ.”

ಬಾಗಿಲು ದಾಟುವಾಗ ಡೆಲ್ಬರ್ಟ್ ಹೇಳುತ್ತಿದ್ದ: “ಈ ಸಲ ಕನ್ನಡಿ ಬೇಡ ಕಣೋ, ಎಣ್ಣೆ ಹಿಡಿಯೋಕೆ ಬೋಗುಣಿ ಇಡು.”